ಅರ್ಧ ಮೀಸೆಯ ಜಾಮೀನು

ನನ್ನ ತಮ್ಮನನ್ನು ಪೊಲೀಸರು ಹಿಡಿದುಕೊಂಡು ಹೋದದ್ದು ಅರ್ಧ ಮೀಸೆಗಾಗಿ. ಕೇಳಿದವರೆಲ್ಲ ಮೊದಲು ನಗುತ್ತಾರೆ. ನಗಲಿ. ಈಗ ನನಗೂ ನಗು ಬರುತ್ತದೆ. ಆದರೆ ಆವತ್ತು ಅವನನ್ನು ಜೀಪಿನ ಹಿಂದುಗಡೆ ಕೂರಿಸಿಕೊಂಡು ಹೊರಟಾಗ ನಾನು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬೀದಿಯ ತುದಿಯವರೆಗೂ ಓಡಿದೆ. ಒಂದು ಕಾಲಿನ ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ.

ತಮ್ಮನದು ಸಲೂನು, ಪಕ್ಕದಲ್ಲೇ ನನ್ನ ಹೊಲಿಗೆ ಅಂಗಡಿ. ಒಂದೇ ಅಂಗಡಿಗೆ ಅಪ್ಪ ನಡುವೆ ಹಲಗೆ ಹೊಡೆಸಿ ಇಬ್ಬರಿಗೂ ಕೊಟ್ಟಿದ್ದರು. ಅವನ ಕಡೆ ಯಾರಾದರೂ ಕೆಮ್ಮಿದರೆ ನನ್ನ ಕಡೆ ಕೇಳುತ್ತದೆ. ನನ್ನ ಮಿಷನ್ನು ಓಡುವಾಗ ಮಾತ್ರ ಏನೂ ಕೇಳುವುದಿಲ್ಲ. ಆವತ್ತು ಬೆಳಿಗ್ಗೆ ನಾನು ಕಿಟಕಿ ಪರದೆಗಳಿಗೆ ಅಂಚು ಹೊಡೆಯುತ್ತ ಕೂತಿದ್ದೆ. ಹಾಗಾಗಿ ಜಗಳದ ತಲೆ ನನಗೆ ಸಿಗಲಿಲ್ಲ, ಬಾಲ ಮಾತ್ರ ಸಿಕ್ಕಿತು. ಬಾಲ ಎಂದರೆ ಮೇಷ್ಟ್ರ ಚೀರಾಟ.

ಎದುರುಮನೆಯ ಈ ಮೇಷ್ಟ್ರು ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. ಪೀಪಿ ಹೋಯಿತು, ಕೋಲು ಹೋಯಿತು, ಮೀಸೆಯೊಂದು ಉಳಿದಿತ್ತು. ಎರಡೂ ತುದಿ ಮೇಲಕ್ಕೆ ತಿರುಗಿದ ಮೀಸೆ. ಈ ಬೀದಿಯ ಅರ್ಧ ಮಂದಿ ಆ ಮೀಸೆಗೆ ಹೆದರಿಯೇ ಬೆಳೆದವರು. ಮೇಷ್ಟ್ರಿಗೆ ಕೈ ನಡುಕ, ತಾವೇ ಕ್ಷೌರ ಮಾಡಿಕೊಳ್ಳಲಾರರು. ದಿನ ಬಿಟ್ಟು ದಿನ ತಮ್ಮನ ಕುರ್ಚಿಯಲ್ಲಿ ಕೂರುತ್ತಿದ್ದರು. ಕತ್ತಿ ಗಂಟಲ ಮೇಲಿದ್ದರೂ ಅವರ ಬಾಯಿ ನಿಲ್ಲುತ್ತಿರಲಿಲ್ಲ.

ನಾನು ಓಡಿಹೋಗಿ ನೋಡುತ್ತೇನೆ: ಮುಖದ ತುಂಬ ನೊರೆ, ಎಡಗಡೆಯ ಮೀಸೆ ಇಲ್ಲ! ತುಟಿಯ ಮೇಲೆ ಸಾಸಿವೆ ಕಾಳಷ್ಟು ರಕ್ತ. ತಮ್ಮ ತನ್ನ ಕೈಯಲ್ಲಿದ್ದ ಕತ್ತಿಯನ್ನು ಯಾರದೋ ಎಂಬಂತೆ ನೋಡುತ್ತಿದ್ದಾನೆ. ಬೆಂಚಿನ ಮೇಲೆ ಕಾದು ಕೂತಿದ್ದವರೆಲ್ಲ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದರು. ನನ್ನ ಮುಖ ನೋಡಿದವರು ಒಬ್ಬರೂ ಇಲ್ಲ.

“ಏನೋ ಮಾಡ್ದೆ, ಶನಿ ಮುಂಡೇದೇ?” ಎಂದೆ.

“ಕೈ ಜಾರ್ತು,” ಎಂದ.

ಕೈ ಜಾರುವುದಂತೆ! ಎಳೆಗೂಸಿನ ತಲೆಯನ್ನು ನಿದ್ದೆ ಕೆಡದಂತೆ ಬೋಳಿಸುವ ಕೈ ಅದು. ನಮ್ಮ ಮನೆಯ ಸಿಟ್ಟೆಲ್ಲ ನನ್ನ ಮೂಗಿನ ಮೇಲೆ ಬಂದು ಕೂತಿದೆ, ಅವನ ಪಾಲಿಗೆ ಚೂರೂ ಉಳಿದಿಲ್ಲ. ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋಗುವ ಪ್ರಾಣಿ. ಅಂಥವನು ಠಾಣೆಯಲ್ಲೂ ಅದನ್ನೇ ಹೇಳಿದ, ರಾತ್ರಿಯೆಲ್ಲ ಲಾಕಪ್ಪಿನಲ್ಲಿ ಕೂತೂ ಅದನ್ನೇ ಹೇಳಿದ. ನನಗೆ ಒಂದು ಕಡೆ ಅಳು, ಇನ್ನೊಂದು ಕಡೆ ಅವನ ಕೆನ್ನೆಗೆ ಎರಡು ಬಿಡಬೇಕು ಎನ್ನಿಸುವ ಸಿಟ್ಟು.

ನಾನು ಕೋಟು ಹೊಲಿದುಕೊಡುವ ವಕೀಲರೊಬ್ಬರಿದ್ದರು. ಅವರ ಕಾಲಿಗೆ ಬಿದ್ದೆ. ಅವರು ಕಾಗದಪತ್ರ ಓದಿ, “ಗಾಯ ಸಣ್ಣದು, ಆಯುಧ ದೊಡ್ಡದು. ಅದೇ ತೊಂದ್ರೆ. ಮೊದಲು ಜಾಮೀನು ಕೇಳೋಣ,” ಎಂದರು.

“ಜಾಮೀನು ಸಿಕ್ರೆ ಮುಗೀತಲ್ವಾ ಸಾರ್?”

“ಎಲ್ಲಿ ಮುಗೀತಮ್ಮ? ಅವನು ತಪ್ಪು ಮಾಡಿದ್ದಾನೋ ಇಲ್ವೋ ಅಂತ ಕೋರ್ಟು ಇನ್ನೂ ಹೇಳೇ ಇಲ್ಲ. ಹೇಳೋವರೆಗೂ ಒಳಗೆ ಯಾಕೆ ಕೊಳೀಬೇಕು, ಕರೆದಾಗ ಬರ್ತಾನೆ ಅಂತ ಒಬ್ರು ಹೊಣೆ ಹೊತ್ರೆ ಹೊರಗಿರ್ಲಿ, ಅಷ್ಟೇ. ಆ ಹೊಣೆ ಹೊರೋರು ನೀವು. ಅವನು ಓಡಿಹೋದ್ರೆ ನಿಮ್ಮ ಅಂಗಡಿಗೆ ಕುತ್ತು.”

“ಎಲ್ಲಿಗೆ ಓಡ್ತಾನೆ ಸಾರ್? ಬಸ್ಸಲ್ಲಿ ಕೂತ್ರೆ ವಾಂತಿ ಮಾಡ್ಕೋತಾನೆ.”

“ಅದನ್ನ ಮಾತ್ರ ಕೋರ್ಟಲ್ಲಿ ಹೇಳ್ಬೇಡಿ.”

ನ್ಯಾಯಾಧೀಶರು, “ಇವನು ಊರು ಬಿಟ್ಟು ಹೋಗೋದಿಲ್ಲ ಅಂತ ಹೇಗೆ ಹೇಳ್ತೀರಿ?” ಎಂದು ಕೇಳಿದಾಗ ನನ್ನ ಬಾಯಿಗೆ ಅದೇ ಬಂತು. ವಕೀಲರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಪೆನ್ನಿನ ಹಿಂದೆ ನಕ್ಕು ಜಾಮೀನು ಕೊಟ್ಟರು. ಜೊತೆಗೆ ಷರತ್ತುಗಳು. ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು, ಊರು ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ದೂರು ಕೊಟ್ಟ ಮೇಷ್ಟ್ರ ಹತ್ತಿರ ಸುಳಿಯಬಾರದು, ಮಾತಾಡಬಾರದು, ಸಾಕ್ಷ್ಯದ ಮೇಲೆ ಕೈ ಹಾಕಬಾರದು. ಯಾವುದು ಮುರಿದರೂ ಜಾಮೀನು ರದ್ದಾಗಿ ಸೀದಾ ಒಳಗೆ.

ಎದುರುಮನೆಯವರ ಹತ್ತಿರ ಸುಳಿಯದೆ ಬದುಕುವುದು ಹೇಗೆ, ಹೇಳಿ! ಮೇಷ್ಟ್ರು ಬಾಗಿಲು ತೆಗೆದರೆ ತಮ್ಮ ತನ್ನ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವರು ಹಾಲಿಗೆ ಹೊರಟರೆ ಇವನು ಬರೀ ಪಾತ್ರೆ ಹಿಡಿದು ವಾಪಸ್ಸು. ಒಂದು ದಿನ ಇಬ್ಬರೂ ಓಣಿಯಲ್ಲಿ ಎದುರುಬದುರಾದರು. ಇವನು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ಯಾರೋ, “ಥೂ, ಇಲ್ಲಿ ಮಾಡ್ಬೇಡಯ್ಯಾ!” ಎಂದು ಮಹಡಿಯಿಂದ ಬೈದರು.

ಇಷ್ಟರಲ್ಲಿ ಮೇಷ್ಟ್ರದು ಬೇರೆಯೇ ಕಥೆ ಶುರುವಾಯಿತು. ಬೇರೆ ಯಾರಾದರೂ ಆಗಿದ್ದರೆ ಉಳಿದರ್ಧ ಮೀಸೆಯನ್ನೂ ತೆಗೆಸಿ ಮಾನ ಉಳಿಸಿಕೊಳ್ಳುತ್ತಿದ್ದರು. ಇವರು ಅರ್ಧ ಮೀಸೆಯಲ್ಲೇ ಓಡಾಡತೊಡಗಿದರು. ಎದೆ ಸೆಟೆಸಿ, ಎಡಗೆನ್ನೆಯನ್ನು ಬೀದಿಗೆ ತೋರಿಸಿಕೊಂಡು! ಯಾರೋ ಭಾವಮೈದ ಇವರ ತಲೆ ತುಂಬಿದ್ದನಂತೆ: ಸಾಕ್ಷ್ಯ ಎನ್ನುವುದು ಘಟನೆ ನಡೆದಾಗ ಹೇಗಿತ್ತೋ ವಿಚಾರಣೆಯ ದಿನವೂ ಹಾಗೇ ಇರಬೇಕು, ಇಲ್ಲದಿದ್ದರೆ ಕೇಸು ಬಿದ್ದುಹೋಗುತ್ತದೆ ಎಂದು.

“ಪೊಲೀಸ್ರು ಫೋಟೋ ತೆಗ್ದಿದ್ದಾರಲ್ಲ ಮೇಷ್ಟ್ರೇ,” ಎಂದು ಯಾರೋ ಹೇಳಿಯೂ ನೋಡಿದರು.

“ಅದರಲ್ಲಿ ನಾನು ಕಣ್ಣು ಮುಚ್ಚಿದ್ದೀನಿ ಕಣಯ್ಯಾ. ಅದು ನಾನೇ ಅಲ್ಲ ಅಂದ್ಬಿಟ್ರೆ?”

ಬಲಗಡೆ ಮೀಸೆ ಇಟ್ಟುಕೊಳ್ಳುವುದು ಸುಲಭ. ಎಡಗಡೆಯ ಬೋಳು ಉಳಿಸಿಕೊಳ್ಳುವುದು ಹೇಗೆ? ಕೂದಲಿಗೆ ಕಾನೂನು ಗೊತ್ತೇ? ಅದು ತನ್ನ ಪಾಡಿಗೆ ತಾನು ಮೊಳೆಯಿತು. ಮೇಷ್ಟ್ರು ಬೀದಿಯ ಆ ತುದಿಯ ಇನ್ನೊಂದು ಸಲೂನಿಗೆ ಹೋದರು. ಆ ಪುಣ್ಯಾತ್ಮ ಎರಡೂ ಕಡೆ ಸಮ ಮಾಡುತ್ತೇನೆಂದು ಬಲಮೀಸೆಯ ತುದಿಯನ್ನೂ ಚೂರು ಹಾರಿಸಿದ. “ಸಾಕ್ಷಿ ನಾಶ! ಸಾಕ್ಷಿ ನಾಶ!” ಎಂದು ಮೇಷ್ಟ್ರು ಟವೆಲ್ಲು ಹೊದ್ದುಕೊಂಡೇ ಹೊರಗೆ ಓಡಿಬಂದರು. ಓಡಿಬಂದವರು ಸೀದಾ ನುಗ್ಗಿದ್ದು ತಮ್ಮನ ಅಂಗಡಿಗೆ.

ತಮ್ಮ ಹಿಂಬಾಗಿಲಿಂದ ಹಾರಿ ನನ್ನ ಅಂಗಡಿಗೆ ಬಂದು, ಬಟ್ಟೆ ಹಾಕಿ ನೋಡುವ ಪರದೆಯ ಮರೆಯಲ್ಲಿ ಅಡಗಿದ. ಅಲ್ಲಿ ಆಗಲೇ ಒಬ್ಬರು ಹೆಂಗಸು ಅರ್ಧ ಹೊಲಿದ ಗೌನಿನೊಳಗೆ ತಲೆ ತೂರಿಸಿಕೊಂಡಿದ್ದರು. ಅವರು ಕಿರುಚಿದರು, ಇವನೂ ಕಿರುಚಿದ. ಒಂದು ಕೇಸಿನ ಜಾಮೀನಿನಲ್ಲಿರುವಾಗಲೇ ಇನ್ನೊಂದು ಕೇಸು ಬೀಳುತ್ತದೆ ಎಂದು ನನ್ನ ಜೀವ ಬಾಯಿಗೆ ಬಂತು. ಆಕೆ ಪುಣ್ಯಕ್ಕೆ ನಮ್ಮ ದೂರದ ಚಿಕ್ಕಮ್ಮ. ಎರಡು ಬೈದು ಸುಮ್ಮನಾದರು.

ನಾನು ಸೊಂಟಕ್ಕೆ ಕೈ ಕೊಟ್ಟು ಮೇಷ್ಟ್ರ ಮುಂದೆ ನಿಂತೆ. “ಏನ್ ಮೇಷ್ಟ್ರೇ ಇದು? ಅವನು ನಿಮ್ಮ ಹತ್ರ ಸುಳೀಬಾರದು ಅಂತ ಕೋರ್ಟು ಹೇಳಿಲ್ವಾ?”

“ಅವನು ಸುಳಿದಿಲ್ಲಮ್ಮ. ನಾನೇ ಸುಳಿದಿದ್ದೀನಿ. ಇದೊಂದು ಕಡೆ ಕೆರೆದುಕೊಡೋಕೆ ಹೇಳು. ನನ್ನ ಗಲ್ಲ ಗೊತ್ತಿರೋದು ಅವನೊಬ್ಬನಿಗೇ.”

“ನಿಮ್ಮ ಸಾಕ್ಷಿ ನೀವೇ ಕಾಪಾಡ್ಕೊಳ್ಳಿ.”

“ಕೂದಲು ಬೆಳೆದ್ರೆ ನೀವೇ ಸಾಕ್ಷಿ ಹಾಳು ಮಾಡಿದ್ರಿ ಅಂತ ಠಾಣೇಲಿ ಬರೆಸ್ತೀನಿ ನೋಡು.”

ಬೆಳೆದ ಕೂದಲಿಗೆ ನಾವು ಹೊಣೆಯಂತೆ! ವಕೀಲರಿಗೆ ಫೋನು ಹಚ್ಚಿದೆ. ಅವರು, “ನಿಮ್ಮ ತಮ್ಮ ಆ ಮುಖ ಮುಟ್ಟಿದ್ರೆ ಜಾಮೀನು ಹೋಯ್ತು ಅಂತಾನೇ ಲೆಕ್ಕ. ಅವರೇ ಕರೆದ್ರೂ ಅಷ್ಟೇ. ಷರತ್ತು ಇರೋದು ನಿಮ್ಮ ತಮ್ಮನ ಮೇಲೆ,” ಎಂದರು.

“ನನ್ನ ಮೇಲಿದೆಯಾ ಸಾರ್?”

“ನಿಮ್ಮ ಮೇಲಿಲ್ಲ.”

“ಹಾಗಾದ್ರೆ...”

“ಏನು ಮಾಡ್ತೀರೋ ನನಗೆ ಹೇಳ್ಬೇಡಿ,” ಎಂದು ಫೋನಿಟ್ಟರು.

ಹೀಗಾಗಿ ಜನ್ಮದಲ್ಲಿ ಗಂಡಸರ ಗಡ್ಡ ಮುಟ್ಟದ ನಾನು, ಆ ಅರ್ಧ ಮೀಸೆಯ ಉಸ್ತುವಾರಿಗೆ ನಿಂತೆ. ಮೇಷ್ಟ್ರನ್ನು ನನ್ನ ಅಂಗಡಿಯ ಸ್ಟೂಲಿನ ಮೇಲೆ, ಗೌನು ತೊಡಿಸಿ ನಿಲ್ಲಿಸಿದ ಗೊಂಬೆಯ ಪಕ್ಕದಲ್ಲಿ ಕೂರಿಸಿದೆ. ತಮ್ಮ ಹಲಗೆಯ ಆಚೆ, ತನ್ನ ಸಲೂನಿನಲ್ಲಿ. ಅವನು ಮಾತಾಡುವುದು ನನ್ನ ಜೊತೆ. ಅಕ್ಕನ ಜೊತೆ ಮಾತಾಡಬಾರದೆಂದು ಯಾವ ಕೋರ್ಟೂ ಹೇಳಿರಲಿಲ್ಲ.

“ಅಕ್ಕಾ, ಮೊದಲು ನೊರೆ. ಬ್ರಷ್ಷನ್ನ ಗುಂಡಗೆ ತಿರುಗಿಸು. ಮೂಗಿಗೆ ಹೋಗದ ಹಾಗೆ ನೋಡ್ಕೋ.”

“ಹೋಯ್ತು,” ಎಂದೆ.

ಮೇಷ್ಟ್ರು ಸೀನಿದರು. ನೊರೆ ಗೊಂಬೆಯ ಮೇಲೆಲ್ಲ ಹಾರಿತು. “ನೊರೆ ಜಾಸ್ತಿ ಆಯ್ತು ಅಂತ ಅವನಿಗೆ ಹೇಳಮ್ಮ.”

“ಯಾರಿಗೆ? ಇಲ್ಲಿ ಯಾರೂ ಇಲ್ಲ. ಗೋಡೆ ಜೊತೆ ಮಾತಾಡೋದಾದ್ರೆ ನಿಮ್ಮಿಷ್ಟ.”

“ಸರಿ, ಗೋಡೆಗೇ ಹೇಳು. ಮೊದಲಿನ ಕತ್ತಿ ಇದಕ್ಕಿಂತ ಚೆನ್ನಾಗಿತ್ತು ಅಂತಾನೂ ಹೇಳು.”

“ಅದು ಪೊಲೀಸ್ರ ಹತ್ರ ಇದೆ ಅಂತ ಹೇಳಕ್ಕಾ,” ಎಂದಿತು ಗೋಡೆ.

ವಾರಕ್ಕೆ ಎರಡು ಸಲ ಈ ಆಟ. ಎರಡು ವಾರ ಕಳೆಯುವಷ್ಟರಲ್ಲಿ ನನ್ನ ಕೈ ಪಳಗಿತು. ಬಟ್ಟೆ ಕತ್ತರಿಸಿದ ಕೈಯಲ್ಲವೇ, ಗೆರೆ ತಪ್ಪುತ್ತಿರಲಿಲ್ಲ. ಬೀದಿಯವರು ನೋಡಲಿಕ್ಕೆಂದೇ ಹರಿದ ಬಟ್ಟೆ ಹಿಡಿದುಕೊಂಡು ಬರತೊಡಗಿದರು. ನನಗೂ ನಿಜ ಹೇಳಬೇಕೆಂದರೆ ಖುಷಿಯೇ ಆಗುತ್ತಿತ್ತು. ಆದರೆ ವಿಚಾರಣೆ ಹತ್ತಿರ ಬಂದಂತೆ ನನಗೆ ಹೆದರಿಕೆ ಹತ್ತಿತು. ವಕೀಲರು ಕೇಳಿದಾಗಲೆಲ್ಲ ತಮ್ಮನದು ಒಂದೇ ರಾಗ, ಕೈ ಜಾರಿತು. ಹೀಗೇ ಆದರೆ ಅವನು ಒಳಗೆ ಹೋಗುವುದು ಖಂಡಿತ. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕತ್ತಿಯನ್ನು ಮೇಷ್ಟ್ರ ತುಟಿಯ ಮೇಲಿಟ್ಟೆ, ಎಳೆಯಲಿಲ್ಲ.

“ಮೇಷ್ಟ್ರೇ, ಆವತ್ತು ಏನಾಯ್ತು?”

“ನಿನ್ನ ತಮ್ಮ ಹೇಳ್ಲಿಲ್ವಾ?”

“ಕೈ ಜಾರ್ತು ಅಂತಾನೆ.”

ಮೇಷ್ಟ್ರು ಸುಮ್ಮನಾದರು. ಅವರು ಸುಮ್ಮನಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಹಲಗೆಯ ಆಚೆಯಿಂದ ತಮ್ಮ, “ಅಕ್ಕಾ, ಸಾಕು, ಆಯ್ತು, ಮುಖ ಒರೆಸಿ ಕಳಿಸು,” ಎಂದು ಅವಸರ ಮಾಡಿದ. ಇನ್ನೂ ಶುರುವೇ ಆಗಿರಲಿಲ್ಲ.

“ಹೇಳಿ ಮೇಷ್ಟ್ರೇ.”

“ತಮಾಷೆಗೆ ಅಂದೆ ಕಣಮ್ಮ,” ಎಂದರು ಅವರು, ತುಟಿ ಅಲುಗಿಸದೆ. “ಬೆಂಚಿನ ಮೇಲೆ ಜನ ಇದ್ರು, ನಗಿಸೋಣ ಅನ್ನಿಸ್ತು. ‘ಏನಯ್ಯಾ, ನಿಮ್ಮ ಭಾವನ ಹಡಗು ಇನ್ನೂ ದಡ ಸೇರ್ಲಿಲ್ವಾ? ಇಲ್ಲಾ ಬೇರೆ ಹೆಂಡ್ತಿ ಇರೋ ದಡ ಸೇರ್ಕೊಂಡು ಬಿಡ್ತಾ?’ ಅಂದೆ. ಎಲ್ಲರೂ ನಕ್ಕರು. ಮತ್ತೆ ನೋಡಿದ್ರೆ ಮೀಸೆ ಇರ್ಲಿಲ್ಲ.”

ಈ ಹಡಗಿನ ವಿಷಯ ನಾನೇ ಹೇಳಬೇಕು. ನನ್ನ ಗಂಡ ಹನ್ನೊಂದು ವರ್ಷದ ಹಿಂದೆ ಒಂದು ಚೀಲ ಹಿಡಿದುಕೊಂಡು ಕೆಲಸ ಹುಡುಕಲು ಹೋದವನು. ಎರಡು ಸಲ ಫೋನು ಮಾಡಿದ, ಆಮೇಲೆ ಇಲ್ಲ. ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಕಂಡವರು ಬಂದು ಹೇಳಿದರು. ನಾನು ಬೀದಿಗೆ ಹೇಳಿದ್ದು, ಹಡಗಿನಲ್ಲಿ ಕೆಲಸ ಸಿಕ್ಕಿದೆ ಎಂದು. ಹಡಗೇ ಯಾಕೆಂದರೆ, ನಮ್ಮ ಬೀದಿಯಲ್ಲಿ ಸಮುದ್ರ ಕಂಡವರಿಲ್ಲ, ಹೋಗಿ ವಿಚಾರಿಸುವವರೂ ಇಲ್ಲ. ಮೂಲೆಯ ಬೇಕರಿಯಮ್ಮ ಕಂಡಾಗಲೆಲ್ಲ, “ಹಡಗು ಎಲ್ಲಿಗೆ ಬಂತಮ್ಮ?” ಎಂದು ಕೇಳುತ್ತಿದ್ದಳು. ನಾನು ಹಳೆಯ ಭೂಪಟವೊಂದನ್ನು ತಂದಿಟ್ಟುಕೊಂಡು ದಿನಕ್ಕೊಂದು ಬಂದರು ಹೇಳುತ್ತಿದ್ದೆ. ನನ್ನ ಗಂಡ ಭೂಮಿಯನ್ನು ಮೂರು ಸುತ್ತು ಹಾಕಿರಬೇಕು. ಎಲ್ಲರೂ ನಂಬಿದ್ದಾರೆ ಎಂದುಕೊಂಡಿದ್ದೆ. ಯಾರೂ ನಂಬಿರಲಿಲ್ಲ, ಪಾಪ ಎಂದು ಕೇಳುತ್ತಿದ್ದರು, ಅಷ್ಟೇ.

ಮೇಷ್ಟ್ರ ತುಟಿಯ ಮೇಲೆ ಕತ್ತಿ ಹಾಗೇ ಇತ್ತು. ಬಲಮೀಸೆಯನ್ನೂ ಹಾರಿಸಿ, ಹುಬ್ಬನ್ನೂ ಹಾರಿಸಿ ಕಳಿಸಬೇಕೆನ್ನಿಸಿತು. ಆದರೆ ಅವರ ಕಣ್ಣಲ್ಲಿ ನೀರು ತುಂಬಿತ್ತು. ನಾನು ಗೆರೆ ತಪ್ಪದಂತೆ ಕೆರೆದು, ಮುಖ ಒರೆಸಿ ಕಳಿಸಿದೆ. ಆಮೇಲೆ ಗೊಂಬೆಯ ಹಿಂದೆ ಕೂತು ಅತ್ತೆ.

ಆ ಸಂಜೆ ಮನೆಯಲ್ಲಿ ತಮ್ಮನಿಗೆ ಗ್ರಹಚಾರ ಬಿಡಿಸಿದೆ. “ಯಾಕೋ ಹೇಳ್ಲಿಲ್ಲ? ಅವರು ಕೆಣಕಿದ್ರು ಅಂತ ಒಂದು ಮಾತು ಹೇಳಿದ್ರೆ ವಕೀಲರಿಗೆ ದಾರಿ ಸಿಗ್ತಿತ್ತಲ್ಲ!”

“ಹೇಳಿದ್ರೆ ಬರ್ಕೋತಾರೆ. ಬರ್ಕೊಂಡ್ರೆ ಕೋರ್ಟಲ್ಲಿ ಗಟ್ಟಿಯಾಗಿ ಓದ್ತಾರೆ. ಬೀದಿಯೋರೆಲ್ಲ ಬಂದು ಕೂತಿರ್ತಾರೆ. ನೀನು ಆಮೇಲೆ ಹೇಗೆ ತಲೆ ಎತ್ಕೊಂಡು ಓಡಾಡ್ತೀಯ?” ತಟ್ಟೆಯನ್ನೇ ನೋಡುತ್ತ ಹೇಳಿದ. “ನೀನೂ ಹೇಳ್ಬಾರದು. ನನ್ನಾಣೆ.”

ಇಂಥವನನ್ನು ಏನು ಮಾಡಬೇಕು? ತಬ್ಬಿಕೊಳ್ಳಬೇಕೋ ಹೊಡೆಯಬೇಕೋ ತಿಳಿಯದೆ ಅವನ ತಟ್ಟೆಗೆ ಇನ್ನಷ್ಟು ಬಡಿಸಿದೆ.

ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ವಕೀಲರಿಗೆ ತಮ್ಮ ಹೇಳಿದ. ಅವರು, “ಒಪ್ಕೊಂಡ್ರೆ ಪ್ರೊಬೇಷನ್ ಕೇಳ್ತೀನಿ,” ಎಂದರು.

“ಅದೂ ಜಾಮೀನೇ ಅಲ್ವಾ ಸಾರ್?” ಎಂದೆ.

“ಅಲ್ಲಮ್ಮ. ಜಾಮೀನು ತೀರ್ಪಿಗೆ ಮುಂಚೆ, ಇದು ತೀರ್ಪು ಆದ ಮೇಲೆ. ತಪ್ಪು ಮಾಡಿದ್ದು ಖಾತ್ರಿ, ಆದ್ರೆ ಮೊದಲನೇ ಸಲ, ಮನುಷ್ಯ ಕೆಟ್ಟವನಲ್ಲ. ಅಂಥವನನ್ನ ಜೈಲಿಗೆ ಹಾಕೋ ಬದಲು, ಇಷ್ಟು ದಿನ ಸರಿಯಾಗಿರು, ನಿನ್ನ ಮೇಲೊಂದು ಕಣ್ಣಿಟ್ಟಿರ್ತೀವಿ ಅಂತ ಮನೆಗೆ ಕಳಿಸೋದು. ಮನುಷ್ಯ ಹೇಗೆ ಅಂತ ನೋಡೋಕೆ ಪ್ರೊಬೇಷನ್ ಅಧಿಕಾರಿ ನಿಮ್ಮ ಮನೆಗೇ ಬರ್ತಾರೆ. ಎಲ್ಲಾ ಅವರ ವರದಿ ಮೇಲೆ ನಿಂತಿದೆ.”

ಅಧಿಕಾರಿಯೆಂದರೆ ಮೀಸೆ ಹೊತ್ತವರು ಇನ್ನೊಬ್ಬರು ಬರುತ್ತಾರೆ ಎಂದುಕೊಂಡಿದ್ದೆ. ಬಂದದ್ದು ತೆಳ್ಳಗಿನ, ಮೆಲುದನಿಯ ಒಬ್ಬ ಮೇಡಂ. ಚಪ್ಪಲಿ ಬಿಟ್ಟು ಒಳಗೆ ಬಂದರು, ಚಹಾ ಕುಡಿದರು, ಬೀದಿಯವರನ್ನೆಲ್ಲ ಆಗಲೇ ಮಾತಾಡಿಸಿ ಬಂದಿದ್ದರು. ಎಲ್ಲರೂ ಇವನನ್ನು ಒಳ್ಳೆಯವನೆಂದೇ ಹೇಳಿದ್ದರಂತೆ.

“ಹಾಗಾದ್ರೆ ಯಾಕಪ್ಪ ಹಾಗೆ ಮಾಡ್ದೆ?” ಎಂದು ಕೇಳಿದರು.

“ಕೈ ಜಾರ್ತು ಮೇಡಂ.”

“ಜಾರಿದ ಕೈ ಅರ್ಧ ಮೀಸೆ ಅಷ್ಟು ನೀಟಾಗಿ ತೆಗೆಯಲ್ಲ.” ಅವರು ಲೋಟ ಕೆಳಗಿಟ್ಟರು. “ನೋಡು, ಸಿಟ್ಟು ಬಂತು ಅಂದ್ರೆ ಬರೀತೀನಿ. ಯಾಕೆ ಬಂತು ಅಂದ್ರೆ ಅದನ್ನೂ ಬರೀತೀನಿ. ಏನೂ ಕಾರಣ ಇಲ್ಲದೆ ಕತ್ತಿ ಬೀಸೋನು ನಾಳೆ ಮತ್ತೆ ಬೀಸಲ್ಲ ಅಂತ ನಾನು ಹೇಗೆ ಹೇಳ್ಲಿ?”

ಅವನು ಅವರ ಖಾಲಿ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದ. ಮೇಡಂ ನನ್ನ ಕಡೆ ತಿರುಗಿದರು. “ನಿಮ್ಮ ಯಜಮಾನ್ರು?”

“ಹಡಗಿನಲ್ಲಿದ್ದಾರೆ,” ಎಂದೆ.

ಬಾಯಿಂದ ಬಿದ್ದಮೇಲೆ ತಿಳಿಯಿತು. ಹನ್ನೊಂದು ವರ್ಷದ ಅಭ್ಯಾಸ, ನಾಲಿಗೆಗೆ ನನ್ನ ಅಪ್ಪಣೆ ಬೇಕಿರಲಿಲ್ಲ. ಮೇಡಂ ಅದನ್ನೂ ಬರೆದುಕೊಂಡರು. ತಮ್ಮ ನಿಟ್ಟುಸಿರು ಬಿಟ್ಟ. ಅದು ನೆಮ್ಮದಿಯ ನಿಟ್ಟುಸಿರು! ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ವಿಚಾರಣೆಯ ದಿನ ಬೀದಿಗೆ ಬೀದಿಯೇ ಕೋರ್ಟಿನಲ್ಲಿತ್ತು. ಮೊದಲ ಸಾಲಿನಲ್ಲಿ ಮೇಷ್ಟ್ರು, ಹಿಂದಿನ ದಿನವಷ್ಟೇ ನಾನು ಹಸನು ಮಾಡಿದ ಎಡಗೆನ್ನೆಯನ್ನು ನ್ಯಾಯಾಧೀಶರ ಕಡೆಗೆ ತಿರುಗಿಸಿಕೊಂಡು ಕೂತಿದ್ದರು. ತಮ್ಮ ತನ್ನ ತಪ್ಪು ಒಪ್ಪಿಕೊಂಡ. ನ್ಯಾಯಾಧೀಶರು ವರದಿಯನ್ನು ಗಟ್ಟಿಯಾಗಿ ಓದಿಸಿದರು. ಹಿಂದೆ ಯಾವ ಕೇಸೂ ಇಲ್ಲ, ದುಡಿಮೆಗಾರ, ಅಕ್ಕನ ಜೊತೆ ವಾಸ, ಭಾವ ಹಡಗಿನಲ್ಲಿ ನೌಕರ. ಅಲ್ಲಿಗೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೃತ್ಯಕ್ಕೆ ಕಾರಣ ತಿಳಿದುಬಂದಿಲ್ಲ.

“ಕಾರಣ ಏನು?” ನ್ಯಾಯಾಧೀಶರು ತಮ್ಮನನ್ನೇ ಕೇಳಿದರು.

“ಕೈ ಜಾರ್ತು ಸ್ವಾಮಿ.”

“ಇದು ನಿನ್ನ ಕೊನೇ ಮಾತೇನು? ಯೋಚನೆ ಮಾಡು. ಹೀಗೇ ಅಂದ್ರೆ ನಿನ್ನನ್ನ ಮನೆಗೆ ಕಳಿಸೋ ಧೈರ್ಯ ನನಗಿಲ್ಲ.”

ತಮ್ಮ ನನ್ನ ಕಡೆ ನೋಡಿದ. ಬೇಡ ಎಂದು ತಲೆ ಅಲ್ಲಾಡಿಸಿದ. ಬಸ್ಸಿನಲ್ಲಿ ಕೂರಲಾರದವನು, ಕತ್ತಲಲ್ಲಿ ಒಬ್ಬನೇ ಮಲಗಲಾರದವನು, ನನ್ನ ಒಂದು ಸುಳ್ಳಿಗಾಗಿ ಜೈಲಿಗೆ ಹೊರಟು ನಿಂತಿದ್ದ. ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು.

“ಸ್ವಾಮಿ!” ಎಂದೆ. ನನ್ನ ದನಿ ನನಗೇ ಮಿಷನ್ನಿನ ಸದ್ದಿನಂತೆ ಕೇಳಿತು. “ಆ ವರದಿ ಸುಳ್ಳು. ನನ್ನ ಗಂಡ ಯಾವ ಹಡಗಲ್ಲೂ ಇಲ್ಲ.”

ವಕೀಲರು ನನ್ನ ಸೆರಗು ಜಗ್ಗಿದರು. ನಾನು ಬಿಡಿಸಿಕೊಂಡೆ.

“ನನ್ನನ್ನ ಬಿಟ್ಟು ಹೋಗಿ ಹನ್ನೊಂದು ವರ್ಷ ಆಯ್ತು. ಬೇರೆ ಸಂಸಾರ ಮಾಡ್ಕೊಂಡಿದ್ದಾನೆ. ಹಡಗಲ್ಲಿದ್ದಾನೆ ಅಂತ ನಾನೇ ಕಟ್ಟಿದ ಕಥೆ. ಆವತ್ತು ಮೇಷ್ಟ್ರು ಎಲ್ಲರ ಮುಂದೆ ಅದನ್ನೆತ್ತಿ ನಗಾಡಿದ್ರು. ಅದಕ್ಕೆ ಇವನು ಮೀಸೆ ತೆಗೆದ. ತಪ್ಪು ಸ್ವಾಮಿ, ತಪ್ಪಲ್ಲ ಅನ್ನಲ್ಲ. ಆದ್ರೆ ನನ್ನ ಮಾನ ಹೋಗುತ್ತೆ ಅಂತ ಕಾರಣ ಹೇಳದೆ ಜೈಲಿಗೆ ಹೋಗ್ತಿದ್ದಾನೆ, ಈ ದಡ್ಡ.”

ಬೀದಿಯವರೆಲ್ಲ ಮತ್ತೆ ಮೇಲಿನ ಫ್ಯಾನು ನೋಡತೊಡಗಿದರು. ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ನ್ಯಾಯಾಧೀಶರು ಮೇಷ್ಟ್ರ ಕಡೆ ನೋಡಿ, “ನಿಜವೇ?” ಎಂದರು.

ಮೇಷ್ಟ್ರು ಡ್ರಿಲ್ಲಿಗೆ ನಿಲ್ಲುವಂತೆ ಎದ್ದು ನಿಂತರು. “ನಿಜ ಸ್ವಾಮಿ. ದೂರಿನಲ್ಲಿ ಅದನ್ನ ಬರೆಸ್ಲಿಲ್ಲ. ಬರೆಸೋಕೆ ನಾಚಿಕೆ ಆಯ್ತು.” ಆಮೇಲೆ ನನ್ನ ಕಡೆ ತಿರುಗಿ, “ತಪ್ಪಾಯ್ತಮ್ಮ,” ಎಂದರು. ಅಷ್ಟು ಸಣ್ಣ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ.

ಒಂದು ವರ್ಷ ಪ್ರೊಬೇಷನ್ ಎಂದಾಯಿತು. ತಿಂಗಳಿಗೊಮ್ಮೆ ಮೇಡಂ ಅವರನ್ನು ಕಾಣಬೇಕು, ಯಾರ ಮೇಲೂ ಕೈ ಮಾಡಬಾರದು, ಮಾಡಿದರೆ ಈಗ ತಡೆಹಿಡಿದ ಶಿಕ್ಷೆಯನ್ನು ಆಗ ಕೊಡುತ್ತಾರೆ. ಕಸುಬು ಮಾಡಲು ಅಡ್ಡಿಯಿಲ್ಲ. “ಹೊಣೆ ಯಾರು?” ಎಂದರು ನ್ಯಾಯಾಧೀಶರು. “ಇನ್ಯಾರು ಸ್ವಾಮಿ, ನಾನೇ,” ಎಂದೆ. ಮೇಷ್ಟ್ರು ಮಾತ್ರ ಇನ್ನೂ ನಿಂತೇ ಇದ್ದರು.

“ಮತ್ತೇನು?”

“ಸಾಕ್ಷಿ ಸ್ವಾಮಿ. ಇನ್ನು ಇದನ್ನ ತೆಗೆಸಬಹುದಾ?”

ನ್ಯಾಯಾಧೀಶರು ಆ ಮುಖವನ್ನು ಬಹಳ ಹೊತ್ತು ನೋಡಿದರು. “ಇದನ್ನ... ಇಷ್ಟು ದಿನ... ಬೇಕೂಂತ ಇಟ್ಕೊಂಡಿದ್ರಾ? ಫೋಟೋ ಇತ್ತಲ್ರೀ!” ಇಡೀ ಕೋರ್ಟು ನಕ್ಕಿತು. ನಾನೂ ಕಣ್ಣೊರೆಸಿಕೊಳ್ಳುತ್ತ ನಕ್ಕೆ. ತಮ್ಮ ಮಾತ್ರ ನಗಲಿಲ್ಲ.

ದಾರಿಯುದ್ದಕ್ಕೂ ಅವನು ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ಬಂದ. ನಮ್ಮ ಬೀದಿ ಬಂದಾಗ ನಿಂತೇಬಿಟ್ಟ. “ಯಾಕಕ್ಕ ಹೇಳ್ದೆ? ಹೋಗಿ ಬರ್ತಿದ್ದೆ ನಾನು. ಈಗ ನಿನ್ನ ಮಾನ ಹೋಯ್ತಲ್ಲ.” ನಡುಬೀದಿಯಲ್ಲಿ ಗಳಗಳ ಅಳುತ್ತಿದ್ದ, ಮೀಸೆ ಬಂದ ಗಂಡಸು.

“ಹೋಗ್ಲಿ ಬಿಡೋ,” ಎಂದೆ. “ನೀನು ಮನೆಗೆ ಬಂದ್ಯಲ್ಲ. ನನಗೆ ನೀನು ಬೇಕು ಕಣೋ, ಆ ಮಾನ ಕಟ್ಕೊಂಡು ನಾನೇನು ಮಾಡ್ಲಿ?”

ಸುದ್ದಿ ನಮಗಿಂತ ಮೊದಲೇ ಬೀದಿ ತಲುಪಿತ್ತು. ಕಿಟಕಿಗಳಲ್ಲಿ ತಲೆಗಳು. ನಾನು ಸೆರಗು ಬಿಗಿದು, ಯಾರು ಏನಂದರೂ ತಿರುಗಿ ಬೈಯಲು ಬಾಯಿ ಸಿದ್ಧ ಮಾಡಿಕೊಂಡು ನಡೆದೆ. ಬೇಕರಿಯಮ್ಮ ತನ್ನ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ನನ್ನನ್ನು ಕಂಡವಳೇ ಅಭ್ಯಾಸಕ್ಕೆ ಬಾಯಿ ತೆರೆದಳು, ಹಾಗೇ ನಿಂತಳು. ಹನ್ನೊಂದು ವರ್ಷ ಒಂದೇ ಪ್ರಶ್ನೆ ಕೇಳಿದವಳಿಗೆ ಏನು ಕೇಳಬೇಕೋ ತೋಚಲಿಲ್ಲ.

“ಊಟ ಆಯ್ತೇನಮ್ಮ?” ಎಂದಳು ಕೊನೆಗೆ.

ಬೈಯಲು ಸಿದ್ಧವಾಗಿದ್ದ ಬಾಯಿ ಒಣಗಿಹೋಯಿತು. “ಇಲ್ಲ,” ಎಂದೆ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ.”

“ಬನ್ನಿ ಮತ್ತೆ, ಇಬ್ಬರೂ ಬನ್ನಿ,” ಎಂದು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಇಷ್ಟು ವರ್ಷ ಯಾರು ಕರೆದರೂ ನಾನು ಹೊಸ್ತಿಲಲ್ಲೇ ನಿಂತು, ಕೆಲಸವಿದೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಒಳಗೆ ಹೋಗಿ ಕೂತರೆ ಮಾತು ಬೆಳೆಯುತ್ತದೆ, ಬೆಳೆದರೆ ಹಡಗಿನ ಬಗ್ಗೆ ಇನ್ನೂ ನಾಲ್ಕು ಕೇಳುತ್ತಾರೆ ಎಂಬ ಹೆದರಿಕೆ. ಅವಳ ಮನೆಯ ಒಳಕೋಣೆಗೆ ನೀಲಿ ಬಣ್ಣ ಬಳಿದಿದ್ದಾರೆ, ಕಿಟಕಿಯ ಪಕ್ಕ ಅಗಲವಾದ ಬೆಂಚಿದೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ತಮ್ಮನನ್ನು ಮೊದಲು ಕೂರಿಸಿ, ನಾನು ಅವನ ಪಕ್ಕದಲ್ಲಿ ಕೂತೆ.